ಕಾಡಿನಿಂದ ರೇಂಜಿಗೆ: ‘ಪಾಯಿಂಟ್ ಟೂ ಟೂ’ ರೈಫಲ್ ಹಿಡಿದ ಹಾದಿ

2024ರ ಆಗಸ್ಟ್ 1ರಂದು ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದರು. ಈ ಸ್ಪರ್ಧೆಯಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ಬಂದದ್ದು ಅದೇ ಮೊದಲು. ಮಧ್ಯ ರೈಲ್ವೆಯ ನೌಕರರಾದ ಅವರು ಅಭ್ಯಾಸ ಮಾಡುತ್ತಿದ್ದುದು ಪುಣೆಯ ಬಾಲೇವಾಡಿಯಲ್ಲಿ. ಮಕ್ಕಳನ್ನು ಶೂಟಿಂಗ್‌ಗೆ ಸೇರಿಸಬೇಕೆನ್ನುವ ಪುಣೆ, ಮುಂಬಯಿಯ ಕನ್ನಡಿಗರಿಗೆ ಇಂಥ ಸುದ್ದಿಯ ಬೆನ್ನಲ್ಲೇ ಏಳುವ ಪ್ರಶ್ನೆ, ಯಾವ ರೈಫಲ್ ಕೊಳ್ಳಬೇಕು, ಯಾವ ಗುಂಡು ಬಳಸಬೇಕು ಎಂಬುದು. ಕೊಡಗು, ಮಲೆನಾಡುಗಳಿಂದ ಬಂದು ಇಲ್ಲಿ ನೆಲೆಸಿದ ಮನೆಗಳಲ್ಲಿ ಅದಕ್ಕೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳಬಹುದು: ರಜೆಗೆ ಊರಿಗೆ ಹೋದಾಗ ಅದೇ ರೈಫಲಿನಲ್ಲಿ ಒಂದು ಮೊಲವನ್ನೋ ಕಾಡುಕೋಳಿಯನ್ನೋ ಹೊಡೆಯಬಹುದೇ? ಎರಡನೆಯದಕ್ಕೆ ಕಾನೂನಿನ ಉತ್ತರ ‘ಇಲ್ಲ’ ಎಂದು. ಆದರೆ ಒಂದು ಕಾಲಕ್ಕೆ ಈ ಎರಡೂ ಒಂದೇ ಪ್ರಶ್ನೆಯಾಗಿದ್ದವು. ಅವು ಬೇರೆಯಾದ ಬಗೆ ತಿಳಿದರೆ ಇಂದು ರೈಫಲ್ ಮತ್ತು ಗುಂಡನ್ನು ಆರಿಸುವ ಕ್ರಮವೂ ತಿಳಿಯುತ್ತದೆ.

ಮೊದಲಿಗೆ ಗುಂಡು. ಇಂದಿನ ದೊಡ್ಡ ರೈಫಲುಗಳ ತೋಟೆಯಲ್ಲಿ, ಅಂದರೆ ಗುಂಡು ಮತ್ತು ಮದ್ದು ತುಂಬಿದ ಕೋಶದಲ್ಲಿ, ತಳದ ನಟ್ಟನಡುವೆ ಹೊತ್ತಿಸುವ ಮದ್ದಿನ ಒಂದು ಪುಟ್ಟ ಕೇಪು ಕೂತಿರುತ್ತದೆ. 50 ಮೀಟರ್ ಸ್ಪರ್ಧೆಯ ‘ಪಾಯಿಂಟ್ ಟೂ ಟೂ’ ರೈಫಲಿಗೆ, ಅಂದರೆ .22 ಅಂಗುಲ ನಳಿಗೆಯದಕ್ಕೆ, ಹಾಕುವ ರಿಮ್‌ಫೈರ್ ತೋಟೆಯ ತಳವನ್ನು ತಿರುಗಿಸಿ ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ, ತಯಾರಕರ ಮುದ್ರೆ ಮಾತ್ರ ಇರುತ್ತದೆ. ಹೊತ್ತಿಸುವ ಮದ್ದು ಇರುವುದು ತಳದ ಸುತ್ತ ಹೊರಚಾಚಿದ ಅಂಚಿನ ಒಳಮಡಿಕೆಯಲ್ಲಿ. ಕಾರ್ಖಾನೆಯಲ್ಲಿ ಒದ್ದೆ ಮದ್ದನ್ನು ಖಾಲಿ ಹಿತ್ತಾಳೆ ಕೋಶದೊಳಗಿಟ್ಟು ವೇಗವಾಗಿ ತಿರುಗಿಸಿ ಅದು ಅಂಚಿನೊಳಗೆ ಹರಡುವಂತೆ ಮಾಡುತ್ತಾರೆ. ಹೊಡೆಮೊಳೆ ಅಂಚನ್ನು ಜಜ್ಜಿದಾಗ ಮದ್ದು ಕಿಡಿಯಾಗುತ್ತದೆ. ಹಾರಿದ ತೋಟೆಯ ಅಂಚಿನಲ್ಲಿ ಉಗುರಿನಿಂದ ಒತ್ತಿದಂಥ ಒಂದು ತಗ್ಗು ಉಳಿಯುತ್ತದೆ. ಮಡಿಸಬೇಕಾದ ಅಂಚು ತೆಳುವಾಗಿಯೇ ಇರಬೇಕಾದ್ದರಿಂದ ಈ ತೋಟೆ ಹೆಚ್ಚು ಒತ್ತಡ ತಾಳದು. ಒಮ್ಮೆ ಜಜ್ಜಿದ ಅಂಚಿಗೆ ಮತ್ತೆ ಮದ್ದು ತುಂಬಲಾಗದ ಕಾರಣ ಮರುಬಳಕೆಗೂ ಬಾರದು. ಹಾಗೆಯೇ, ಅಂಚಿನಲ್ಲಿ ಮದ್ದು ಎಲ್ಲೆಡೆ ಸಮನಾಗಿ ಹರಡದಿದ್ದರೆ ಮೊಳೆ ಬಿದ್ದರೂ ಈಡು ಹಾರುವುದಿಲ್ಲ. ಅಗ್ಗ, ಸದ್ದು ಕಡಿಮೆ, ಒದೆ ಇಲ್ಲವೆನ್ನುವಷ್ಟು ಕಡಿಮೆ ಎಂಬ ಇದರ ಗುಣಗಳೂ ದೋಷಗಳೂ ಈ ತೆಳು ಅಂಚಿನಿಂದಲೇ ಬಂದಿವೆ.

ಇದರ ಮೂಲ 1845ರಷ್ಟು ಹಳೆಯದು. ಫ್ರಾನ್ಸಿನ ಲೂಯಿ ನಿಕೋಲಾ ಫ್ಲೋಬೇರ್ ಕೋವಿಯ ಕೇಪಿಗೇ ಒಂದು ಚಿಕ್ಕ ಸೀಸದ ಗುಂಡು ಕೂರಿಸಿ, ಮನೆಯ ಹಜಾರದಲ್ಲೇ ಗುರಿಯಾಟವಾಡುವಂಥ ತೋಟೆ ಮಾಡಿದ. ಎಂದರೆ ರಿಮ್‌ಫೈರ್ ಹುಟ್ಟಿದ್ದು ಆಟಕ್ಕಾಗಿಯೇ. ಬೇಟೆ ಬಂದದ್ದು ಆಮೇಲೆ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಅದಕ್ಕೆ ಕರಿಮದ್ದು ಸೇರಿಸಿ .22 ಶಾರ್ಟ್ ತೋಟೆಯನ್ನು ತನ್ನ ಪುಟ್ಟ ರಿವಾಲ್ವರಿನ ಜೊತೆ ಮಾರುಕಟ್ಟೆಗೆ ತಂದಿತು. 1887ರಲ್ಲಿ ಸ್ಟೀವನ್ಸ್ ಕಂಪನಿ ತಂದ .22 ಲಾಂಗ್ ರೈಫಲ್ ತೋಟೆಯೇ ಇಂದಿಗೂ ಜಗತ್ತಿನ ಎಲ್ಲ ಕಡೆ ನಡೆಯುತ್ತಿರುವುದು: 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ, 5.6 ಮಿಲಿಮೀಟರ್ ದಪ್ಪದ ಸೀಸದ ಗುಂಡು. ಅಮೆರಿಕದ ಹಳ್ಳಿಗಳಲ್ಲಿ ಅದು ಮೊಲ, ಅಳಿಲುಗಳ ಬೇಟೆಗೆ ಒದಗಿತು. ಇಂಗ್ಲೆಂಡಿನಲ್ಲಿ ಅದು ಹಿಡಿದದ್ದು ಬೇರೆ ದಾರಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ತಮ್ಮ ಸೈನಿಕರ ಗುರಿ ಎಷ್ಟು ಕಚ್ಚಾ ಎಂಬುದನ್ನು ಕಂಡ ಬ್ರಿಟಿಷರು, ದುಡಿಯುವ ಜನರಿಗೂ ಗುರಿ ಕಲಿಸಬೇಕೆಂದು 1901ರಿಂದ ಊರೂರಲ್ಲಿ ಸಣ್ಣ ರೈಫಲಿನ ಕ್ಲಬ್ಬುಗಳನ್ನು ತೆರೆದರು. ಈ ಚಳವಳಿಯ ಬೆನ್ನಿಗೆ ನಿಂತ ಲಾರ್ಡ್ ರಾಬರ್ಟ್ಸ್ ಅದಕ್ಕೆ ಮೊದಲು ಭಾರತದಲ್ಲಿ ಮಹಾದಂಡನಾಯಕನಾಗಿದ್ದವನು. ಸಣ್ಣ ಗುಂಡಿನಲ್ಲಿ ಸಿಪಾಯಿಗಿರಿಯ ಮೊದಲ ಪಾಠ ಹೇಳಿಕೊಡುವ ಆ ಪದ್ಧತಿ ನಮ್ಮಲ್ಲಿ ಎನ್‌ಸಿಸಿಯ ಮೂಲಕ ಮುಂದುವರಿಯಿತು. ಕಾಲೇಜಿನಲ್ಲಿ ಖಾಕಿ ತೊಟ್ಟವರಿಗೆ ‘ಪಾಯಿಂಟ್ ಟೂ ಟೂ’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ.

ಭಾರತದಲ್ಲಿ ಕೋವಿ ಹಿಡಿಯುವ ಹಕ್ಕಿಗೂ ಒಂದು ಚರಿತ್ರೆಯಿದೆ. 1857ರ ದಂಗೆಯ ಬಳಿಕ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕೆಲಸ ಆರಂಭವಾಯಿತು. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. 1878ರ ಆಯುಧ ಕಾಯಿದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಇರುವ ವಿನಾಯಿತಿ ಇಂದಿಗೂ ಉಳಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕಿರುವ ವಿನಾಯಿತಿಯೇ ಹೊರತು ಬೇಟೆಯಾಡಲು ಕೊಟ್ಟ ಅನುಮತಿಯಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸಂಭ್ರಮವನ್ನು ಬೇಟೆಯ ಹಕ್ಕೆಂದು ಯಾರೂ ತಪ್ಪು ತಿಳಿಯಬಾರದು.

ಬೇಟೆಯ ಬಾಗಿಲು ಮುಚ್ಚಿದ್ದು ಹಂತಹಂತವಾಗಿ. ಈ ವಿಷಯದಲ್ಲಿ ಮುಂಬಯಿಯ ಪಾತ್ರ ಸಣ್ಣದಲ್ಲ. 1883ರಲ್ಲಿ ಇಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೊದಲ ತಲೆಮಾರಿನಲ್ಲಿ ಶಿಕಾರಿಯ ಹುಚ್ಚಿದ್ದವರು ಬಹಳ. ಬಾಲಕ ಸಲೀಂ ಅಲಿ ಏರ್‌ಗನ್ನಿನಿಂದ ಹೊಡೆದ, ಕತ್ತು ಹಳದಿಯಾಗಿದ್ದ ಗುಬ್ಬಿಯೊಂದರ ಗುರುತು ಕೇಳಲು ಆ ಸೊಸೈಟಿಗೆ ಹೋದದ್ದೂ, ಅಲ್ಲಿನ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಆತನಿಗೆ ಹಕ್ಕಿಗಳ ಸಂಗ್ರಹ ತೋರಿಸಿದ್ದೂ, ಮುಂದೆ ಆತ ದೇಶದ ಪಕ್ಷಿಶಾಸ್ತ್ರಕ್ಕೇ ಹೆಸರಾದದ್ದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಕಾಡನ್ನು ಬಲ್ಲ ಬೇಟೆಗಾರರಲ್ಲೇ ಕೆಲವರಿಗೆ ಕಾಡು ಬರಿದಾಗುತ್ತಿರುವುದು ಎಲ್ಲರಿಗಿಂತ ಮೊದಲು ಕಂಡಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಮುಂಬಯಿ ರಾಜ್ಯದಲ್ಲಿ 1951ರಲ್ಲಿ ವನ್ಯಪ್ರಾಣಿ, ವನ್ಯಪಕ್ಷಿಗಳ ರಕ್ಷಣೆಯ ಕಾಯಿದೆ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಡೀ ದೇಶಕ್ಕೆ ಒಂದೇ ಚೌಕಟ್ಟು ಹಾಕಿತಾದರೂ, ದೊಡ್ಡ ಬೇಟೆ, ಸಣ್ಣ ಬೇಟೆ ಎಂಬ ಹೆಸರಿನಲ್ಲಿ ಲೈಸೆನ್ಸ್ ಕೊಡುವ ಅವಕಾಶವನ್ನು ಉಳಿಸಿಕೊಂಡಿತ್ತು. .22 ರೈಫಲಿಗೆ ಕಾಡಿನಲ್ಲಿ ಕಾನೂನುಬದ್ಧ ಕೆಲಸವೆಂದು ಏನಾದರೂ ಇದ್ದರೆ ಆ ‘ಸಣ್ಣ ಬೇಟೆ’ಯಲ್ಲೇ. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಮನುಷ್ಯರಿಗೆ ಅಪಾಯ ಒಡ್ಡುವ ಅಥವಾ ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಗಳು ಲಿಖಿತ ಅನುಮತಿ ಕೊಡುವುದು ಇಂದಿಗೂ ಸಾಧ್ಯ, ಆದರೆ ಅದು ಮೋಜಿನ ಬೇಟೆಯಲ್ಲ. ಗದ್ದೆಗೆ ನುಗ್ಗುವ ಹಂದಿಯ ಮೇಲೆ .22 ಗುಂಡು ಪ್ರಯೋಗಿಸುವುದಂತೂ ಶುದ್ಧ ಕ್ರೌರ್ಯ: ಸುಮಾರು 140 ಜೂಲ್‌ ಶಕ್ತಿಯ ಆ ಗುಂಡು ಹಂದಿಯನ್ನು ಕೆಡವುವುದಿಲ್ಲ, ಗಾಯಮಾಡಿ ಓಡಿಸುತ್ತದೆ.

ಒಂದು ಕಡೆ ಕಾಡಿನ ಬಾಗಿಲು ಹೀಗೆ ಮುಚ್ಚುತ್ತಿದ್ದಾಗ ಇನ್ನೊಂದು ಕಡೆ ರೇಂಜಿನ, ಅಂದರೆ ಗುರಿ ಅಭ್ಯಾಸದ ಮೈದಾನದ, ಬಾಗಿಲು ತೆರೆಯುತ್ತಿತ್ತು. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಸ್ಥಾಪನೆಯಾಯಿತು. ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅದರ ಮೊದಲ ಅಧ್ಯಕ್ಷರು. 1959ರ ಆಯುಧ ಕಾಯಿದೆಯನ್ನು ಗಮನವಿಟ್ಟು ಓದಿದರೆ ಈ ಸಣ್ಣ ರೈಫಲಿಗೆ ಅದು ಕೊಟ್ಟಿರುವ ಪ್ರತ್ಯೇಕ ಸ್ಥಾನ ಕಣ್ಣಿಗೆ ಬೀಳುತ್ತದೆ. ಕೇಂದ್ರ ಸರ್ಕಾರದ ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲಿನ ಲೈಸೆನ್ಸಿಗೆ 13ನೆಯ ಕಲಮಿನಲ್ಲಿ ಬೇರೆಯೇ ಸಾಲು ಇದೆ. ಒಬ್ಬರ ಬಳಿ ಇರಬಹುದಾದ ಆಯುಧಗಳ ಮಿತಿಯೂ ಅವರಿಗೆ ಅನ್ವಯಿಸದೆಂದು 3ನೆಯ ಕಲಮು ಹೇಳುತ್ತದೆ. ಉಳಿದವರಿಗೆ ಆ ಮಿತಿ ಮೂರಿದ್ದದ್ದು 2019ರ ತಿದ್ದುಪಡಿಯಿಂದ ಎರಡಕ್ಕೆ ಇಳಿದಿದೆ. ಮರುವರ್ಷ ಗೃಹ ಸಚಿವಾಲಯ ಕ್ರೀಡಾಪಟುಗಳ ಆಯುಧಗಳ ಮತ್ತು ಗುಂಡುಗಳ ಮಿತಿಯನ್ನು ಏರಿಸಿತು. ಒಟ್ಟಿನಲ್ಲಿ ಕಾನೂನಿನ ದೃಷ್ಟಿಯಲ್ಲಿ .22 ಎಂಬುದು ಕ್ಲಬ್ಬಿನ ಸಾಧನ. ಆದ್ದರಿಂದ ಆಯ್ಕೆ ಶುರುವಾಗಬೇಕಾದದ್ದು ಅಂಗಡಿಯಲ್ಲಲ್ಲ, ಕ್ಲಬ್ಬಿನಲ್ಲಿ.

ಅಂಗಡಿಯಲ್ಲಿ ಆರಿಸುವುದಕ್ಕೆ ಹೆಚ್ಚೇನೂ ಸಿಗದಿರುವುದಕ್ಕೂ ಕಾರಣವಿದೆ. 1980ರ ದಶಕದ ಮಧ್ಯದಲ್ಲಿ ಸರ್ಕಾರ ಬಂದೂಕುಗಳ ವಾಣಿಜ್ಯ ಆಮದನ್ನು ಬಿಗಿಗೊಳಿಸಿತು. ಅದಕ್ಕೆ ಮುಂಚೆ ಬಂದಿದ್ದ ಬರ್ನೋ, ಬಿಎಸ್‌ಎ ಎಂಬ ವಿದೇಶಿ ಕಂಪನಿಗಳ ರೈಫಲುಗಳು ಕೈಯಿಂದ ಕೈಗೆ ಹೋಗುತ್ತ ಯೋಗ್ಯತೆಗೆ ಮೀರಿದ ಬೆಲೆ ಪಡೆದವು. ನಮ್ಮ ಆರ್ಡನೆನ್ಸ್ ಕಾರ್ಖಾನೆಗಳೂ .22 ರೈಫಲ್ ಮಾಡಿವೆ; ಕಲಿಯುವವರಿಗೆ ಅವು ಸಾಕಾದರೂ ಸ್ಪರ್ಧೆಯ ಮಟ್ಟಕ್ಕೆ ಸಾಲವು. ವಿದೇಶದಿಂದ ತರಿಸುವ ದಾರಿ ಉಳಿದದ್ದು ಹೆಸರಾಂತ ಶೂಟರ್‌ಗಳಿಗೆ ಮತ್ತು ಕ್ರೀಡಾ ಸಂಸ್ಥೆಗಳಿಗೆ. 1869ರಿಂದ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ನಡೆಸುತ್ತಿರುವ ಪುಣೆಯಲ್ಲೇ, ಪದಕದ ಆಸೆಯಿರುವ ಶೂಟರ್‌ನ ಚೀಲದಲ್ಲಿ ಇಂಗ್ಲೆಂಡಿನ ಎಲಿ, ಫಿನ್ಲೆಂಡ್ ಮೂಲದ ಲಾಪುವಾ, ಜರ್ಮನಿಯ ಆರ್‌ಡಬ್ಲ್ಯುಎಸ್ ಡಬ್ಬಿಗಳಿರುವುದು ವಿಚಿತ್ರವೇ ಸರಿ.

ರೇಂಜುಗಳ ವಿಷಯದಲ್ಲಿ ಈ ಭಾಗಕ್ಕೆ ಅಷ್ಟು ಕೊರತೆಯಿಲ್ಲ. ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕೀರ್ಣ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಎದ್ದದ್ದು. ಮುಂಬಯಿಯಲ್ಲಿ ವರ್ಲಿಯ ರೇಂಜ್ ಇದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಫೈನಲ್ ತಲುಪಿದ ಸುಮಾ ಶಿರೂರ್ ಪನವೇಲಿನಲ್ಲಿ ಅಕಾಡೆಮಿ ನಡೆಸುತ್ತಾರೆ. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಸ್ಪರ್ಧೆಯಲ್ಲಿ 600ಕ್ಕೆ 597 ಗಳಿಸಿ ವಿಶ್ವ ಚಾಂಪಿಯನ್ ಆದರು. ಮಕ್ಕಳು ಸಾಮಾನ್ಯವಾಗಿ 10 ಮೀಟರ್ ಏರ್ ರೈಫಲಿನಿಂದ ಆರಂಭಿಸುತ್ತಾರೆ. ಸ್ಪರ್ಧೆಯ .177 ಏರ್ ರೈಫಲಿಗೆ ಲೈಸೆನ್ಸ್ ಬೇಡ, ಉಸಿರು ಮತ್ತು ಬೆರಳಿನ ಶಿಸ್ತು ಅಲ್ಲೇ ಬರುತ್ತದೆ. .22ಕ್ಕೆ ಹೋಗುವುದು ಆಮೇಲೆ, ಅದೂ ಮೊದಲು ಕ್ಲಬ್ಬಿನ ರೈಫಲಿನಲ್ಲಿ.

ಸ್ವಂತದ್ದು ಕೊಳ್ಳುವ ಹೊತ್ತು ಬಂದಾಗ ಅನ್‌ಶೂಟ್ಜ್, ವಾಲ್ಥರ್, ಫೈನ್‌ವೆರ್ಕ್‌ಬೌ ಎಂಬ ಜರ್ಮನ್ ಹೆಸರುಗಳೇ ಕಿವಿಗೆ ಬೀಳುತ್ತವೆ. ಇವುಗಳಲ್ಲಿ ಯಾವುದು ಮೇಲೆಂಬ ಚರ್ಚೆಗೆ ಕೊನೆಯಿಲ್ಲ, ನನಗೆ ಅದರಲ್ಲಿ ಆಸಕ್ತಿಯೂ ಇಲ್ಲ. ಮೈಗೆ ಹೊಂದುವುದು ಅದಕ್ಕಿಂತ ಮುಖ್ಯ. ಭುಜಕ್ಕೆ ತಾಗುವ ತಟ್ಟೆ, ಕೆನ್ನೆ ಊರುವ ಹಲಗೆ, ಹಿಡಿ ಇವುಗಳನ್ನು ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ ಮೂರೂ ಭಂಗಿಗಳಿಗೆ ಸರಿಹೊಂದಿಸಲು ಬರಬೇಕು. ನಮ್ಮ ಮಳೆಗಾಲದ ತೇವಕ್ಕೆ ಮರದ ಸ್ಟಾಕ್ (ನಳಿಗೆಯನ್ನು ಹೊತ್ತು ಭುಜಕ್ಕೆ ಒರಗುವ ಭಾಗ) ಉಬ್ಬಿ ಗುರಿ ಕದಲುವ ಸಂಭವವಿರುವುದರಿಂದ ಕರಾವಳಿಯವರಿಗೆ ಅಲ್ಯೂಮಿನಿಯಂ ಸ್ಟಾಕ್ ಒಳ್ಳೆಯದು.

ಗುಂಡಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. 50 ಮೀಟರ್ ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಎಂದರೆ ಗುಂಡಿನ ದಪ್ಪಕ್ಕೆ ಎರಡರಷ್ಟೂ ಇಲ್ಲ. ಹೊಸಬರು ‘ಹೈ ವೆಲಾಸಿಟಿ’ ಎಂದು ಬರೆದ ಡಬ್ಬಿ ಕಂಡರೆ ಅದೇ ಉತ್ತಮವೆಂದು ತಿಳಿಯುವುದು ಸಹಜ, ಆದರೆ ನಿಜ ಸಂಗತಿ ತಿರುಗುಮುರುಗು. ಸ್ಪರ್ಧೆಯ ಗುಂಡು ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ವೇಗದಲ್ಲಿ, ಶಬ್ದದ ವೇಗಕ್ಕಿಂತ ಕೆಳಗೇ ಹೊರಡುತ್ತದೆ. 380 ಮೀಟರ್ ವೇಗದಲ್ಲಿ ಹೊರಟ ಗುಂಡು ದಾರಿಯಲ್ಲಿ ವೇಗ ಕಳೆದುಕೊಂಡು ಶಬ್ದದ ವೇಗದ ಗಡಿಯನ್ನು ಇಳಿದು ದಾಟುವಾಗ ಅಲುಗುತ್ತದೆ. ಅಡ್ಡಗಾಳಿಗೂ ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ‘ಲಾಟ್’ನ ವಿಚಾರ. ಒಂದೇ ಕಂಪನಿಯ ಒಂದೇ ಹೆಸರಿನ ಗುಂಡಾದರೂ ಒಂದು ಸಲ ತಯಾರಾದ ಕಂತು ಇನ್ನೊಂದು ಕಂತಿನಂತೆ ಇರುವುದಿಲ್ಲ, ಒಂದು ನಳಿಗೆಗೆ ಒಗ್ಗಿದ ಕಂತು ಪಕ್ಕದ ನಳಿಗೆಗೆ ಒಗ್ಗುವುದಿಲ್ಲ. ಆದ್ದರಿಂದ ನುರಿತವರು ರೈಫಲನ್ನು ತಯಾರಕರ ಪರೀಕ್ಷಾ ಕೇಂದ್ರಕ್ಕೇ ಒಯ್ದು, ಅದನ್ನು ಅಲುಗದಂತೆ ಆಧಾರಕ್ಕೆ ಬಿಗಿದು, ಹಲವು ಲಾಟ್‌ಗಳಿಂದ ಹತ್ತು ಹತ್ತು ಈಡು ಹೊಡೆಸಿ, ಈಡುಗಳು ಒಂದಕ್ಕೊಂದು ಅತಿ ಹತ್ತಿರ ಬಿದ್ದ ಲಾಟನ್ನು ಇಡಿಯಾಗಿ ಕೊಳ್ಳುತ್ತಾರೆ. ಅಷ್ಟು ದೂರ ಹೋಗಲಾಗದವರು ಕ್ಲಬ್ಬಿನಲ್ಲೇ ಎರಡು ಮೂರು ಲಾಟ್‌ಗಳ ಒಂದೊಂದು ಡಬ್ಬಿಯನ್ನು, ಗಾಳಿಯಿಲ್ಲದ ಬೆಳಗಿನ ಹೊತ್ತು, ರೈಫಲನ್ನು ಆಧಾರಕ್ಕೊರಗಿಸಿ ಹೋಲಿಸಬಹುದು. ಸೀಸದ ಗುಂಡಿಗೆ ಹಚ್ಚಿದ ಮೇಣದಂಥ ಜಿಡ್ಡು ಒಂದೊಂದು ಕಂಪನಿಯದು ಒಂದೊಂದು ಬಗೆ. ಕಂಪನಿ ಬದಲಿಸಿದಾಗ ಹೊಸ ಜಿಡ್ಡು ನಳಿಗೆಯೊಳಗೆ ಕೂರುವವರೆಗೆ ಬೀಳುವ ಮೊದಲ ಈಡುಗಳನ್ನು ನಂಬಬಾರದು. ಡಬ್ಬಿಗಳನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿಟ್ಟರೆ ಆ ಜಿಡ್ಡು ಕರಗುವ ಸಂಭವವೂ ಇದೆ.

ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಲೆಕ್ಕ ಬೇರೆ. ಅಲ್ಲಿ ತುದಿ ಟೊಳ್ಳಾದ, ಬಡಿದೊಡನೆ ಅರಳುವ ಗುಂಡು ಬೇಕು, 1959ರ .22 ಮ್ಯಾಗ್ನಮ್, 2002ರ .17 ಎಚ್‌ಎಂಆರ್ ಎಂಬ ವೇಗದ ತೋಟೆಗಳು ಬಂದದ್ದು ಆ ಅಗತ್ಯಕ್ಕೆ. ಹೆಸರಿನಲ್ಲಿ .22 ಇದೆಯೆಂದು ಲಾಂಗ್ ರೈಫಲ್ ತೋಟೆಯನ್ನು ಮ್ಯಾಗ್ನಮ್ ರೈಫಲಿಗೆ ಹಾಕಿದರೆ ಸಡಿಲವಾಗಿ ಕೂತು ಸೀಳಿಹೋಗುತ್ತದೆ. ಸಣ್ಣದೆಂಬ ಸಲುಗೆಯೂ ಸಲ್ಲದು: ಒಂದೂವರೆ ಮೈಲಿ, ಅಂದರೆ ಸುಮಾರು 2.4 ಕಿಲೋಮೀಟರ್‌ವರೆಗೆ ಅಪಾಯವೆಂದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದ ಮೇಲೆಯೇ ಬೋಲ್ಟ್ (ತೋಟೆಯ ಹಿಂದೆ ಮುಚ್ಚುವ ಅಗುಳಿ) ತೆರೆಯಬೇಕು.

ಊರಿನ ಮನೆಯಲ್ಲಿ ಅಜ್ಜನ ಕಾಲದ .22 ಇರುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. 1920ರ ದಶಕದ ಕೊನೆಯವರೆಗೂ ಹೊತ್ತಿಸುವ ಮದ್ದು ನಳಿಗೆಯೊಳಗೆ ತುಕ್ಕು ಹಿಡಿಸುವಂಥದ್ದಾಗಿತ್ತು. ಆ ಕಾಲದ ರೈಫಲುಗಳ ನಳಿಗೆ ಹೊರಗೆ ಹೊಳೆಯುತ್ತಿದ್ದರೂ ಒಳಗೆ ತಿಂದುಹೋಗಿರಬಹುದು. ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಸುರುಳಿ ಗೆರೆಗಳ ನಡುವೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅಂಥದನ್ನು ಗನ್‌ಸ್ಮಿತ್‌ಗೆ ತೋರಿಸದೆ ರೇಂಜಿಗೆ ಒಯ್ಯಬಾರದು. ಲೈಸೆನ್ಸ್ ಹೊಂದಿದ್ದವರು ತೀರಿಕೊಂಡಿದ್ದರೆ, ವಾರಸುದಾರರ ಹೆಸರಿಗೆ ಹೊಸ ಲೈಸೆನ್ಸ್ ಆಗುವವರೆಗೆ ಅದನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಡಬೇಕೇ ಹೊರತು ಮುಂಬಯಿಗೆ ತರುವಂತಿಲ್ಲ.