ಸೂಪರ್‌ಮಾರ್ಕೆಟ್‌ನಲ್ಲಿ ನಾವೇ ಸಾಮಾನು ಸ್ಕ್ಯಾನ್ ಮಾಡಿಕೊಂಡು ಹೊರಡುವಾಗ, ಕೆಲವರನ್ನ ತಡೆದು ಚೀಲದಲ್ಲಿ ಐದೇ ಐಟಂ ನೋಡಿ ಬಿಟ್ಟುಬಿಡ್ತಾರಲ್ಲ, ಅದರಿಂದ ಏನು ಸಿಗುತ್ತೆ?

ಹೋದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಬಂದು ಮೂರು ತಿಂಗಳು ನಮ್ಮ ಜೊತೆ ಆಮ್‌ಸ್ಟೆಲ್ವೀನ್‌ನಲ್ಲಿ ಇದ್ದರು. ನೆದರ್‌ಲ್ಯಾಂಡ್ಸ್‌ನಲ್ಲಿ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಸೂಪರ್‌ಮಾರ್ಕೆಟ್‌ನ ಕೈ ಸ್ಕ್ಯಾನರ್. ಒಳಗೆ ಹೋಗುವಾಗ ಗೋಡೆಯಿಂದ ಒಂದು ಸ್ಕ್ಯಾನರ್ ಎತ್ತಿಕೊಳ್ಳೋದು, ಬೇಕಾದ ಸಾಮಾನಿಗೆ ಟಿಂಕ್ ಅಂತ ಹೊಡೆಯೋದು, ನೇರ ಚೀಲಕ್ಕೆ ಹಾಕೋದು, ಹೊರಡುವಾಗ ಕಂಬದಂಥ ಯಂತ್ರದ ಹತ್ತಿರ ಕಾರ್ಡ್ ತೋರಿಸಿ ದುಡ್ಡು ಕಟ್ಟೋದು. ಕ್ಯೂ ಇಲ್ಲ, ಮತ್ತೆ ಸಾಮಾನು ತೆಗೆದು ಇಡೋ ರಗಳೆ ಇಲ್ಲ. ಎರಡನೇ ವಾರಕ್ಕೆಲ್ಲ ಸ್ಕ್ಯಾನರ್ ಅವರ ಕೈಯಲ್ಲೇ ಇರುತ್ತಿತ್ತು, ನನಗೆ ಮುಟ್ಟೋಕೆ ಬಿಡ್ತಿರಲಿಲ್ಲ.

ಒಂದು ಶನಿವಾರ ಸಂಜೆ ಕಂಬದ ಪರದೆ ಮೇಲೆ ಬೇರೆ ಏನೋ ಬಂತು. ಒಬ್ಬ ಸಿಬ್ಬಂದಿ ಬರ್ತಾರೆ, ಸ್ವಲ್ಪ ತಡೀರಿ. ಬಂದಿದ್ದು ಹದಿನಾರು ಹದಿನೇಳರ ಹುಡುಗಿ, ಶಾಲೆ ಮುಗಿಸಿ ಪಾರ್ಟ್ ಟೈಮ್ ಕೆಲಸಕ್ಕೆ ಬರೋ ಮಗು.

"ಏನಂತೋ?"

"ಏನಿಲ್ಲಮ್ಮ, ಸುಮ್ನೆ ಚೆಕ್ ಮಾಡ್ತಾರೆ."

"ಸುಮ್ನೆ ಯಾರಾದ್ರೂ ಚೆಕ್ ಮಾಡ್ತಾರಾ? ನಾವೇನು ಕದ್ಕೊಂಡ್ ಹೋಗ್ತಿದೀವಾ?"

ಹುಡುಗಿ ಚೀಲದಿಂದ ಹಾಲು, ಬ್ರೆಡ್ಡು, ಟೊಮ್ಯಾಟೊ, ಕಾಫಿಪುಡಿ, ತೂಕದ ಚೀಟಿ ಅಂಟಿಸಿದ್ದ ಶುಂಠಿ, ಇಷ್ಟು ತೆಗೆದು ಸ್ಕ್ಯಾನ್ ಮಾಡಿದಳು. ಹಸಿರು ದೀಪ ಬಂತು. ನಕ್ಕು, ವೀಕೆಂಡ್ ಚೆನ್ನಾಗಿರಲಿ ಅಂತ ಡಚ್‌ನಲ್ಲಿ ಹೇಳಿ ಹೋದಳು. ಅಮ್ಮ ಮನೆ ತಲುಪೋವರೆಗೂ ಮಾತಾಡಲಿಲ್ಲ.

ಇದರಲ್ಲಿ ತಮಾಷೆ ಏನಂದರೆ, ಇದೇ ನನ್ನ ಹೊಟ್ಟೆಪಾಡು. ಅಂಗಡಿಗೆ ಬಂದ ಸಾಮಾನಿಗೂ ಮಾರಾಟವಾದ ಸಾಮಾನಿಗೂ ನಡುವೆ ಎಷ್ಟು ಕಾಣೆಯಾಯ್ತು, ಎಲ್ಲಿ ಕಾಣೆಯಾಯ್ತು ಅಂತ ಲೆಕ್ಕ ಹಾಕೋ ಕೆಲಸ. ನಮ್ಮ ಭಾಷೆಯಲ್ಲಿ ಅದಕ್ಕೆ ಶ್ರಿಂಕ್ ಅಂತಾರೆ. ಯಾರನ್ನು ಯಾವಾಗ ತಡೆದು ನಿಲ್ಲಿಸಬೇಕು ಅನ್ನೋ ಲೆಕ್ಕಾಚಾರವೂ ಅದರಲ್ಲೇ ಬರುತ್ತೆ. ಆದ್ದರಿಂದ ಅಮ್ಮನಿಗೆ ಅವತ್ತು ಸರಿಯಾಗಿ ಹೇಳೋಕಾಗದೇ ಹೋದದ್ದನ್ನ ಇಲ್ಲಿ ಬರೀತಿದ್ದೇನೆ.

ಊರಲ್ಲಿ ನಮಗೆ ಈ ಅವಮಾನ ಯಾಕೆ ಆಗಲ್ಲ ಅಂತ ಮೊದಲು ಯೋಚಿಸಿದೆ. ಅಲ್ಲೂ ದೊಡ್ಡ ಅಂಗಡಿಗಳ ಬಾಗಿಲಲ್ಲಿ ಸೆಕ್ಯೂರಿಟಿಯವರು ನಿಂತಿರ್ತಾರೆ, ಬಿಲ್ ಇಸ್ಕೊಂಡು ಚೀಲದ ಕಡೆ ಒಂದು ನೋಟ ಹಾಯಿಸಿ ಸೀಲ್ ಹೊಡೆದು ಕಳಿಸ್ತಾರೆ. ಆದರೆ ಅಲ್ಲಿ ಎಲ್ಲರಿಗೂ ಸೀಲ್ ಬೀಳುತ್ತೆ. ಮುಂದೆ ನಿಂತ ಡಾಕ್ಟರಿಗೂ ಬೀಳುತ್ತೆ, ಹಿಂದೆ ನಿಂತ ಕಾಲೇಜು ಹುಡುಗನಿಗೂ ಬೀಳುತ್ತೆ. ಅಮೆರಿಕದ ಕಾಸ್ಟ್ಕೋದಲ್ಲೂ ಹಾಗೇ. ಎಲ್ಲರನ್ನೂ ತಡೆದರೆ ಯಾರಿಗೂ ಬೇಜಾರಿಲ್ಲ. ಹತ್ತು ಜನ ಹೋಗ್ತಾ ಇರುವಾಗ ನನ್ನೊಬ್ಬನನ್ನ ನಿಲ್ಲಿಸಿದರೆ ಮಾತ್ರ ಕಿವಿ ಬಿಸಿಯಾಗುತ್ತೆ.

ಈ ಚೆಕ್‌ಗೆ ಡಚ್‌ನಲ್ಲಿ ಸ್ಟೇಕ್‌ಪ್ರೂಫ್ ಅಂತಾರೆ. ಸ್ಟೇಕ್ ಅಂದರೆ ಚುಚ್ಚೋದು, ಪ್ರೂಫ್ ಅಂದರೆ ಪರೀಕ್ಷೆ. ಮಂಡಿಯಲ್ಲಿ ಅಕ್ಕಿ ಮೂಟೆಗೆ ಚೂಪಾದ ಕಬ್ಬಿಣದ ಕೊಳವೆ ಚುಚ್ಚಿ, ಒಂದು ಹಿಡಿ ಹೊರಗೆ ತೆಗೆದು, ಅಂಗೈಯಲ್ಲಿ ಹರಡಿ ನೋಡ್ತಾರಲ್ಲ, ಅದೇ. ನಮ್ಮ ಅಡುಗೆಮನೆಯಲ್ಲಂತೂ ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕು. ಆದರೆ ಒಂದು ಅಗುಳು ಯಾಕೆ ಸಾಕು? ಎಲ್ಲಾ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ನೀರಲ್ಲಿ, ಒಂದೇ ಉರಿಯಲ್ಲಿ ಬೆಂದಿರುತ್ತವೆ. ಅಂಗಡಿ ಚೀಲ ಹಾಗಲ್ಲ. ಅದರಲ್ಲಿ 38 ಐಟಂ ಸರಿಯಾಗಿ ಸ್ಕ್ಯಾನ್ ಆಗಿ ಎರಡು ಮಾತ್ರ ಬಿಟ್ಟುಹೋಗಿರಬಹುದು.

ಸ್ವಲ್ಪ ಲೆಕ್ಕ ಮಾಡೋಣ. ಚೀಲದಲ್ಲಿ 40 ಐಟಂ, ಸ್ಕ್ಯಾನ್ ಆಗದ್ದು 2. ಹುಡುಗಿ ಕಣ್ಣುಮುಚ್ಚಿ ಐದು ತೆಗೀತಾಳೆ ಅಂದುಕೊಳ್ಳಿ. ಆ ಎರಡರಲ್ಲಿ ಒಂದೂ ಅವಳ ಕೈಗೆ ಬಾರದೇ ಇರೋ ಸಾಧ್ಯತೆ ನೂರಕ್ಕೆ 76. ಹತ್ತು ಐಟಂ ತೆಗೆದರೂ ನೂರಕ್ಕೆ 56 ಸಲ ತಪ್ಪಿಹೋಗುತ್ತೆ. ಅದರ ಮೇಲೆ, ಹತ್ತು ಸಲ ಅಂಗಡಿಗೆ ಹೋದರೆ ಒಂದು ಸಲ ಚೆಕ್ ಬೀಳುತ್ತೆ ಅಂತ ಇಟ್ಟುಕೊಂಡರೆ, ಒಂದು ಭೇಟಿಯಲ್ಲಿ ಸಿಕ್ಕಿಬೀಳೋ ಸಾಧ್ಯತೆ ನೂರಕ್ಕೆ ಎರಡೂವರೆಯೂ ಇಲ್ಲ.

ಹಾಗಾದರೆ ಇದೆಲ್ಲ ನಾಟಕವಾ? ಇಲ್ಲೇ ಜನ ಎಡವೋದು. ಅದೇ ಮನುಷ್ಯ ವಾರಕ್ಕೆ ಎರಡು ಸಲದಂತೆ ವರ್ಷಕ್ಕೆ 104 ಸಲ ಬರ್ತಾನೆ, ಪ್ರತಿ ಸಲವೂ ಎರಡು ಐಟಂ ಬಿಡ್ತಾನೆ ಅನ್ನಿ. ವರ್ಷದೊಳಗೆ ಒಂದು ಸಲವಾದರೂ ಸಿಕ್ಕಿಬೀಳೋ ಸಾಧ್ಯತೆ ನೂರಕ್ಕೆ 90 ದಾಟುತ್ತೆ. ಯಾವತ್ತೋ ಒಂದು ದಿನ ಮರೆತು ಮೊಸರಿನ ಡಬ್ಬಿ ಸ್ಕ್ಯಾನ್ ಮಾಡದೇ ಹೋದವರನ್ನ ಈ ವ್ಯವಸ್ಥೆ ಬಹುತೇಕ ಹಿಡಿಯೋದೇ ಇಲ್ಲ, ಹಿಡಿಯಬೇಕಾಗೂ ಇಲ್ಲ, ಅದು ಕಾಯ್ತಾ ಕೂತಿರೋದು ಅಭ್ಯಾಸ ಮಾಡಿಕೊಂಡವರಿಗೆ. ನಿಧಾನಕ್ಕೆ ಬೀಸೋ ಬಲೆ ಇದು.

ಇನ್ನೊಂದು ಉಪಯೋಗ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಅಂಗಡಿಯಲ್ಲಿ ಎಷ್ಟು ಸಾಮಾನು ಕಾಣೆಯಾಗಿದೆ ಅಂತ ಗೊತ್ತಾಗೋದು ಸ್ಟಾಕ್ ಎಣಿಸಿದಾಗ, ಅದೂ ತಿಂಗಳುಗಳ ನಂತರ. ಆಗ ಗ್ರಾಹಕರು ಬಿಟ್ಟದ್ದಾ, ಗೋಡೌನ್‌ನಲ್ಲೇ ಹೋದದ್ದಾ, ಕೊಳೆತು ಬಿಸಾಕಿದ್ದಾ ಅಂತ ಬೇರೆ ಮಾಡೋಕಾಗಲ್ಲ. ದಿನಾ ಒಂದಷ್ಟು ಚೀಲ ತೆರೆದು ನೋಡಿದರೆ ಸೆಲ್ಫ್ ಸ್ಕ್ಯಾನಿಂಗ್‌ನಿಂದ ಎಷ್ಟು ಸೋರ್ತಿದೆ ಅಂತ ಅವತ್ತೇ ಅಂದಾಜು ಸಿಗುತ್ತೆ. ಸೋರಿಕೆ ಸಣ್ಣದೇನಲ್ಲ. 2023ರಲ್ಲಿ ಕಳ್ಳತನದಿಂದ ತನಗೆ 10 ಕೋಟಿ ಯೂರೋಗಿಂತ ಜಾಸ್ತಿ ಹೋಯ್ತು ಅಂತ ಇಲ್ಲಿನ ಯುಂಬೊ ಸೂಪರ್‌ಮಾರ್ಕೆಟ್ ಸರಪಳಿ ಹೇಳಿಕೊಂಡಿತ್ತು. ಅಮೆರಿಕದ ವೆಗ್‌ಮನ್ಸ್ ಸೂಪರ್‌ಮಾರ್ಕೆಟ್ 2022ರಲ್ಲಿ, ಗ್ರಾಹಕರು ಫೋನಲ್ಲೇ ಸಾಮಾನು ಸ್ಕ್ಯಾನ್ ಮಾಡ್ತಿದ್ದ ತನ್ನ ಆ್ಯಪನ್ನೇ ನಿಲ್ಲಿಸಿತು, ನಷ್ಟ ತಡೆಯೋಕಾಗ್ತಿಲ್ಲ ಅಂತ.

ಈಗ, ಯಾರನ್ನ ಆರಿಸ್ತಾರೆ? ನಾನು ಕಂಡ ವ್ಯವಸ್ಥೆಗಳಲ್ಲಿ ಎರಡು ದಾರಿ ಇರುತ್ತೆ. ಒಂದು ನಿಜವಾದ ಲಾಟರಿ, ಯಾರ ಹೆಸರು ಬೇಕಾದರೂ ಬರಬಹುದು. ಸೋರಿಕೆ ಅಳೆಯೋಕೆ ಅದು ಬೇಕೇ ಬೇಕು. ಇನ್ನೊಂದು, ಪ್ರತಿ ಗ್ರಾಹಕರಿಗೂ ಯಂತ್ರ ಇಟ್ಟಿರೋ ಅಂಕ ನೋಡಿ ಆರಿಸೋದು, ಅಂಕ ಜಾಸ್ತಿಯಾದಷ್ಟೂ ಚೆಕ್ ಜಾಸ್ತಿ. ಹೊಸ ಗ್ರಾಹಕರಿಗೆ ಜಾಸ್ತಿ, ಹಿಂದಿನ ಚೆಕ್‌ನಲ್ಲಿ ವ್ಯತ್ಯಾಸ ಕಂಡವರಿಗೆ ಜಾಸ್ತಿ, ಸ್ಕ್ಯಾನ್ ಮಾಡಿದ್ದನ್ನ ಪಟ್ಟಿಯಿಂದ ಮತ್ತೆ ಮತ್ತೆ ಅಳಿಸಿದವರಿಗೆ ಜಾಸ್ತಿ. ಸತತವಾಗಿ ಸರಿ ಇದ್ದವರಿಗೆ ನಿಧಾನಕ್ಕೆ ಕಮ್ಮಿಯಾಗುತ್ತೆ. ಆದ್ದರಿಂದ ಒಮ್ಮೆ ತಪ್ಪು ಸಿಕ್ಕಮೇಲೆ ನಾಲ್ಕೈದು ಸಲ ಬೆನ್ನು ಬೆನ್ನಿಗೆ ಚೆಕ್ ಬಂದರೆ ಗಾಬರಿಯಾಗಬೇಡಿ, ಅಂಕ ಇಳಿಯೋಕೆ ಅಷ್ಟು ಬೇಕು.

ನನಗೆ ಕನ್ನಡದವರು ಜಾಸ್ತಿ ಕೇಳೋ ಪ್ರಶ್ನೆ ಬೇರೆ. ಮೂರು ಸಲ ಸತತವಾಗಿ ನನ್ನನ್ನೇ ಹಿಡಿದರು ಸಾರ್, ಮೈಬಣ್ಣ ನೋಡಿ ತಾನೇ? ಬರೀ ಲಾಟರಿಯೇ ಆಗಿದ್ದರೂ, ಹತ್ತಕ್ಕೆ ಒಂದರ ಲೆಕ್ಕದಲ್ಲಿ, ಸತತ ಮೂರು ಸಲ ಬೀಳೋದು ಸಾವಿರಕ್ಕೆ ಒಬ್ಬರಿಗೆ. ಐದು ಸಾವಿರ ಜನ ಬರೋ ಅಂಗಡಿಯಲ್ಲಿ ಅಂಥವರು ಸುಮಾರು ಐದು ಜನ ಇರ್ತಾರೆ, ಅವರಲ್ಲಿ ಒಬ್ಬರು ನೀವಾಗಿರಬಹುದು. ಇದು ಅರ್ಧ ಉತ್ತರ.

ಇನ್ನರ್ಧ ಹೇಳೋಕೆ ನಮ್ಮ ಕಡೆಯವರು ಹಿಂಜರೀತಾರೆ, ನಾನು ಹೇಳ್ತೀನಿ. ಆರಿಸೋದು ಯಂತ್ರ, ಚೀಲಕ್ಕೆ ಕೈ ಹಾಕೋದು ಮನುಷ್ಯ. ದಿನಾ ಬರೋ ಪರಿಚಯದ ಅಜ್ಜಿ ಬಂದರೆ ಹುಡುಗರು ಮೇಲಿನ ಎರಡು ಮೂರು ಐಟಂ ಮುಟ್ಟಿ, ಒಂದೇ ನೀರಿನ ಬಾಟಲಿಯನ್ನ ಐದು ಸಲ ಹೊಡೆದು ಕಳಿಸ್ತಾರೆ. ಗೊತ್ತಿಲ್ಲದ ಮುಖ ಬಂದರೆ ತಳದವರೆಗೂ ಹುಡುಕ್ತಾರೆ. ತಳದವರೆಗೆ ಹುಡುಕಿದ ಕಡೆ ತಪ್ಪು ಜಾಸ್ತಿ ಸಿಗುತ್ತೆ, ತಪ್ಪು ಸಿಕ್ಕವರ ಅಂಕ ಏರುತ್ತೆ, ಅಂಕ ಏರಿದವರಿಗೆ ಮತ್ತೆ ಚೆಕ್. ಲಾಟರಿಯಲ್ಲಿ ಇಲ್ಲದ ಭೇದ ಹೀಗೆ ಹಿಂಬಾಗಿಲಿಂದ ಒಳಗೆ ಬರುತ್ತೆ. ಒಮ್ಮೆ ಒಂದು ಅಂಗಡಿಯ ದಾಖಲೆ ನೋಡ್ತಿದ್ದಾಗ ಒಬ್ಬ ಹುಡುಗ ಮಾಡಿದ ಚೆಕ್‌ಗಳಲ್ಲಿ ತಿಂಗಳುಗಟ್ಟಲೆ ಒಂದೂ ವ್ಯತ್ಯಾಸ ಇರಲಿಲ್ಲ. ಮ್ಯಾನೇಜರ್‌ಗೆ ಅವನೆಂದರೆ ಭಾಳ ಇಷ್ಟ, ಅವನ ಮೇಲೆ ಗ್ರಾಹಕರ ದೂರೇ ಇಲ್ಲ. ಇರೋದಾದರೂ ಹೇಗೆ, ಅವನು ಚೀಲದ ಒಳಗೆ ಕೈಯೇ ಹಾಕ್ತಿರಲಿಲ್ಲ. ನಾನು ಅವನನ್ನ ಬೈಯಲ್ಲ. ಹದಿನೇಳು ವಯಸ್ಸಿನ ಮಕ್ಕಳನ್ನ ಅಪ್ಪನ ವಯಸ್ಸಿನವರ ಚೀಲ ತೆರೆಸೋಕೆ ನಿಲ್ಲಿಸಿ, ಬೈಗುಳ ತಿನ್ನೋಕೆ ಬಿಡೋದು ಅಂಗಡಿಯವರ ತಪ್ಪು. ಯಾವ ಐದು ತೆಗೆಯಬೇಕು ಅಂತ ಯಂತ್ರವೇ ಹೇಳಲಿ ಅಂತ ನಾನು ಪ್ರತಿ ಮೀಟಿಂಗ್‌ನಲ್ಲೂ ಹೇಳ್ತಾ ಬಂದಿದ್ದೀನಿ.

ಪ್ರಾಮಾಣಿಕವಾಗಿ ತಪ್ಪು ಆಗೋ ಜಾಗಗಳು ಕೆಲವೇ. ಅವಧಿ ಮುಗಿಯೋಕೆ ಬಂದ ಸಾಮಾನಿನ ಮೇಲೆ ರಿಯಾಯಿತಿ ಸ್ಟಿಕ್ಕರ್ ಇರುತ್ತೆ, ಅದರದೇ ಬೇರೆ ಬಾರ್‌ಕೋಡ್. ಹಳೇ ಬಾರ್‌ಕೋಡ್ ಹೊಡೆದರೆ ಪೂರ್ತಿ ದುಡ್ಡು ಹೋಗುತ್ತೆ. ಆರು ಬಾಟಲಿಯ ಕಟ್ಟಿನಲ್ಲಿ ಒಂದು ಬಾಟಲಿಯ ಕೋಡ್ ಹೊಡೆದರೆ ಬಿಲ್ಲಿಗೆ ಬರೋದು ಒಂದೇ. ಮಗುವಿನ ತಳ್ಳುಗಾಡಿಯ ಕೆಳಗಿನ ಬುಟ್ಟಿ ಅಂತೂ ಮರೆವಿನ ತವರುಮನೆ. ಇನ್ನು ಒಂದೇ ಸಾಮಾನಿಗೆ ಎರಡೆರಡು ಸಲ ಟಿಂಕ್ ಅನ್ನಿಸೋದು. ಇದರ ಬಗ್ಗೆ ಯಾರೂ ಮಾತಾಡಲ್ಲ, ನನಗೆ ಸಿಟ್ಟು ಬರೋದೂ ಇದಕ್ಕೇ. ಐದು ಐಟಂ ಚೆಕ್ ನೋಡೋದು ಒಂದೇ, ಚೀಲದಲ್ಲಿರೋದು ಪಟ್ಟಿಯಲ್ಲಿ ಇದೆಯಾ ಅಂತ. ಪಟ್ಟಿಯಲ್ಲಿ ಎರಡು ಸಲ ಬಂದಿರೋದು ಚೀಲದಲ್ಲಿ ಎರಡು ಇದೆಯಾ ಅಂತ ಅದು ನೋಡೋದೇ ಇಲ್ಲ. ಅಂದರೆ ಅಂಗಡಿಯ ನಷ್ಟ ಮಾತ್ರ ಅದರ ಕಣ್ಣಿಗೆ ಬೀಳುತ್ತೆ, ನಿಮ್ಮ ನಷ್ಟ ಬೀಳಲ್ಲ. ಪೂರ್ತಿ ಚೀಲ ಮತ್ತೆ ಸ್ಕ್ಯಾನ್ ಮಾಡಿದರೆ ಎರಡೂ ಗೊತ್ತಾಗುತ್ತೆ. ಪೂರ್ತಿ ಚೆಕ್ ಬಂತಲ್ಲ ಅಂತ ಗೊಣಗೋರಿಗೆ ನಾನು ಇದನ್ನ ಹೇಳ್ತೀನಿ.

ಮರೆವು ಎಲ್ಲಿ ಮುಗಿಯುತ್ತೆ, ಕಳ್ಳತನ ಎಲ್ಲಿ ಶುರುವಾಗುತ್ತೆ ಅನ್ನೋದು ಹಳೇ ತಲೆನೋವು. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಏಡ್ರಿಯನ್ ಬೆಕ್ ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಸ್ಕ್ಯಾನರ್ ಕೈಗೆ ಕೊಟ್ಟರೆ ಜನರಿಗೆ ನೆಪವೂ ಸಿಕ್ಕಂತೆ, ಮಿಷನ್ ಸರಿಯಿರಲಿಲ್ಲ ಅಂದರೆ ಸುಳ್ಳು ಅಂತ ತೋರಿಸೋಕೆ ಅಂಗಡಿಗೆ ಆಗಲ್ಲ ಅನ್ನೋದು ಅವರ ಮಾತಿನ ಸಾರ. ಅಪರಾಧಶಾಸ್ತ್ರಜ್ಞೆ ಎಮಲಿನ್ ಟೇಲರ್ ಇನ್ನೊಂದು ಕಥೆ ಹೇಳ್ತಾರೆ: ಆಸ್ಟ್ರೇಲಿಯಾದ ಒಂದು ಸೂಪರ್‌ಮಾರ್ಕೆಟ್ ತನ್ನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಕ್ಯಾರೆಟ್ ಮಾರಿತ್ತಂತೆ. ಜನ ದುಬಾರಿ ತರಕಾರಿ ತೂಕಕ್ಕಿಟ್ಟು ಕ್ಯಾರೆಟ್ ಅಂತ ಒತ್ತುತ್ತಿದ್ದರು.

ಚೆಕ್ ಬಂದಾಗ ಏನು ಮಾಡಬೇಕು? ಏನೂ ಮಾಡಬೇಡಿ. ಚೀಲ ಅಲ್ಲೇ ಇರಲಿ, ನೀವಾಗೇ ಕೆದಕಬೇಡಿ, ಏನಾದರೂ ಮರೆತದ್ದು ನೆನಪಾದರೆ ಅವರು ಶುರು ಮಾಡೋ ಮೊದಲೇ ಬಾಯಿಬಿಟ್ಟು ಹೇಳಿ. ದುಡ್ಡು ಕಟ್ಟೋ ಮೊದಲು ಸಿಕ್ಕ ಒಂದೆರಡು ವ್ಯತ್ಯಾಸವನ್ನ ಸಾಮಾನ್ಯವಾಗಿ ಬಿಲ್ಲಿಗೆ ಸೇರಿಸಿ ಬಿಡ್ತಾರೆ. ಡಚ್ ದಂಡಸಂಹಿತೆಯ 310ನೇ ಕಲಮಿನ ಪ್ರಕಾರ ಕಳ್ಳತನ ಆಗಬೇಕಾದರೆ ತನ್ನದಾಗಿಸಿಕೊಳ್ಳೋ ಉದ್ದೇಶ ಇರಬೇಕು. ಆದರೆ ದುಡ್ಡು ಕಟ್ಟಿ ಗೇಟು ದಾಟಿದ ಮೇಲೆ ಮರೆತೆ ಅಂತ ನಂಬಿಸೋದು ಕಷ್ಟ. ಕಳ್ಳತನ ಅಂತ ತೀರ್ಮಾನವಾದರೆ ಅಂಗಡಿಯವರ ಸಮಯ ಹಾಳಾದದ್ದಕ್ಕೆ ಅಂತ 181 ಯೂರೋ ವಸೂಲಿ, ಅಂಗಡಿಗೆ ಕಾಲಿಡಬಾರದು ಅಂತ ನಿಷೇಧ, ಪೊಲೀಸರಿಗೂ ಹೋದರೆ ಮುಂದೆ ಕೆಲಸಕ್ಕೆ ಬೇಕಾಗೋ ನಡತೆ ಪ್ರಮಾಣಪತ್ರಕ್ಕೂ ತೊಡಕಾಗಬಹುದು. ಹೊಸದಾಗಿ ಬಂದ ಹುಡುಗ ಹುಡುಗಿಯರು ಇದನ್ನ ಸ್ವಲ್ಪ ಮನಸ್ಸಲ್ಲಿ ಇಟ್ಟುಕೊಳ್ಳಿ.

ಅಮ್ಮನ ವಿಷಯ ಪೂರ್ತಿ ಹೇಳಲಿಲ್ಲ. ಅವತ್ತು ಮನೆಗೆ ಬಂದು ಚೀಲ ಖಾಲಿ ಮಾಡ್ತಾ ಇದ್ದೆ, ಶುಂಠಿ ಕವರ್ ಯಾಕೋ ದಪ್ಪ ಅನ್ನಿಸ್ತು. ತೂಕ ಮಾಡಿ ಚೀಟಿ ಅಂಟಿಸಿದ್ದು ನಾನೇ, ಅಷ್ಟು ಇರಲಿಲ್ಲ.

"ಅಮ್ಮಾ, ಇದಕ್ಕೆ ಇನ್ನೊಂದು ತುಂಡು ಹಾಕಿದ್ಯಾ?"

"ಹೂಂ, ಕೊಸರು. ನೀನು ಆ ಕಡೆ ತಿರುಗಿದಾಗ ಹಾಕ್ದೆ. ತೂಕ ಆದ್ಮೇಲೆ ಒಂಚೂರು ಕೊಸರು ಹಾಕಲ್ವಾ ಯಾರಾದ್ರೂ?"

ಹಾಸನದ ಸಂತೆಯಲ್ಲಿ ಐವತ್ತು ವರ್ಷ ತರಕಾರಿ ಕೊಂಡ ಕೈ ಅದು. ಕೊಸರು ಹಾಕೋಕೆ ಇಲ್ಲಿ ಅಂಗಡಿಯವನು ಕಾಣಲಿಲ್ಲ, ತಾನೇ ಹಾಕಿಕೊಂಡಿದ್ದಾರೆ. ಆ ಹುಡುಗಿ ನಲವತ್ತು ಸಾಮಾನಿನಲ್ಲಿ ಸರಿಯಾಗಿ ಅದೇ ಕವರ್ ಎತ್ತಿದ್ದಳು! ಚೀಟಿ ಸ್ಕ್ಯಾನ್ ಮಾಡಿದಳು, ಪಟ್ಟಿಯಲ್ಲಿ ಇತ್ತು, ಹಸಿರು ದೀಪ ಬಂತು. ಚೆಕ್ ಮಾಡೋ ಸ್ಕ್ಯಾನರ್‌ಗೆ ತೂಕ ಗೊತ್ತಾಗಲ್ಲ. ನನ್ನ ವೃತ್ತಿಜೀವನದ ಪಾಠವೆಲ್ಲ ಹೇಳೋಣ ಅಂತ ಬಾಯಿ ತೆರೆಯೋ ಹೊತ್ತಿಗೆ ಅರ್ಧ ತುಂಡು ಆಗಲೇ ಚಹಾದಲ್ಲಿ ಕುದೀತಿತ್ತು.

ಮುಂದಿನ ಶನಿವಾರ ಒಬ್ಬನೇ ಹೋಗಿ, ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಶುಂಠಿ ತುಂಡು ತೂಕ ಮಾಡಿ, ಚೀಟಿ ಹೊಡೆದು, ದುಡ್ಡು ಕಟ್ಟಿ, ಶುಂಠಿಯನ್ನ ಬುಟ್ಟಿಗೆ ವಾಪಸ್ ಹಾಕಿ ಬಂದೆ. ಅಮ್ಮನಿಗೆ ಹೇಳಿಲ್ಲ.