ಬಾವುಟ ಹಿಡಿದವರು ಮತ ಯಾಕೆ ಹಾಕಲಿಲ್ಲ?

ಪ್ರತಿ ವರ್ಷ ಬಾಲ್ಕನ್ ರಾಜಕೀಯದ ಪಾಠ ಮುಗಿಸುವ ಹೊತ್ತಿಗೆ ನನ್ನ ಎಂ.ಎ. ತರಗತಿಯಲ್ಲಿ ಅದೇ ಪ್ರಶ್ನೆ ಏಳುತ್ತದೆ. "ಸರ್, ಅಲ್ಬೇನಿಯನ್ನರೆಲ್ಲ ಒಂದಾಗಬೇಕು ಅಂತ ಅಷ್ಟು ಜನ ಹೇಳ್ತಾರೆ. ಅದನ್ನೇ ಕೇಳಿದ ಪಕ್ಷ ಹೇಗೆ ಸೋತಿತು? ಚುನಾವಣೆಯಲ್ಲಿ ಮೋಸ ಆಗಿರಬೇಕು, ಅಲ್ವಾ?"

ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಉತ್ತರ ಪತ್ರಿಕೆಯಲ್ಲಿ ಅದೇ ತಪ್ಪು ಬರುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ಕೇಳುವ ಪಕ್ಷ ರೆಡ್ ಅಂಡ್ ಬ್ಲ್ಯಾಕ್ ಅಲೈಯನ್ಸ್. ಅಲ್ಬೇನಿಯಾದ ಬಾವುಟದ ಕೆಂಪು ಕಪ್ಪು ಬಣ್ಣದಿಂದ ಬಂದ ಹೆಸರು. 2012ರಲ್ಲಿ ಪಕ್ಷವಾಯಿತು. ನಾಯಕ ಕ್ರೆಷ್ನಿಕ್ ಸ್ಪಾಹಿಯು. ಅಲ್ಬೇನಿಯಾದ ಪಕ್ಕದಲ್ಲೇ ಕೊಸೊವೊ ಇದೆ. ಅಲ್ಲೂ ಹೆಚ್ಚಿನವರು ಅಲ್ಬೇನಿಯನ್ನರೇ, 2008ರಲ್ಲಿ ಸರ್ಬಿಯಾದಿಂದ ಬೇರೆಯಾಗಿ ಸ್ವಾತಂತ್ರ್ಯ ಘೋಷಿಸಿಕೊಂಡರು. ಇವೆರಡೂ ಒಂದಾಗಲು ಜನಮತ ಸಂಗ್ರಹ ನಡೆಸಬೇಕು ಎಂಬುದು ಪಕ್ಷದ ದೊಡ್ಡ ಬೇಡಿಕೆ. 2013ರ ಜೂನ್ ಚುನಾವಣೆಯಲ್ಲಿ ಅದಕ್ಕೆ ಶೇ. 1ರಷ್ಟು ಮತವೂ ಬರಲಿಲ್ಲ. 140 ಸ್ಥಾನಗಳಲ್ಲಿ ಒಂದೂ ಸಿಗಲಿಲ್ಲ. ಆದರೆ 2010ರ ಗ್ಯಾಲಪ್ ಸಮೀಕ್ಷೆಯಲ್ಲಿ ಎರಡೂ ಕಡೆ ಅರ್ಧಕ್ಕಿಂತ ಜಾಸ್ತಿ ಜನ ಒಂದಾಗುವುದಕ್ಕೆ ಒಪ್ಪಿದ್ದರು.

ಹುಡುಗರು ಎಡವುವುದು ಇಲ್ಲೇ. ಬೇರೆ ಮನೆ ಮಾಡಿಕೊಂಡ ಅಣ್ಣತಮ್ಮಂದಿರನ್ನು "ಒಟ್ಟಿಗೆ ಇದ್ದರೆ ಚೆನ್ನಾಗಿರುತ್ತಾ?" ಎಂದು ಕೇಳಿ ನೋಡಿ. ಯಾರು ತಾನೇ ಬೇಡ ಅನ್ನುತ್ತಾರೆ? "ಹಾಗಾದರೆ ನಾಳೆಯಿಂದ ಒಂದೇ ಒಲೆ, ಸಾಲವೂ ಒಂದೇ" ಎಂದರೆ ಇಬ್ಬರೂ ಯೋಚನೆ ಮಾಡುತ್ತಾರೆ. ಸಮೀಕ್ಷೆ ಕೇಳಿದ್ದು ಮೊದಲ ಪ್ರಶ್ನೆ. ಮತಗಟ್ಟೆಯಲ್ಲಿ ಎದುರಾಗುವುದು ಎರಡನೆಯದು.

ಅಲ್ಬೇನಿಯಾ 2009ರಲ್ಲಿ ಪಶ್ಚಿಮ ದೇಶಗಳ ಸೇನಾ ಒಕ್ಕೂಟವಾದ ನ್ಯಾಟೋ ಸೇರಿತು. 2010ರ ಡಿಸೆಂಬರ್‌ನಿಂದ ಅಲ್ಲಿನವರು ವೀಸಾ ಇಲ್ಲದೆ ಷೆಂಗೆನ್ ದೇಶಗಳಿಗೆ, ಅಂದರೆ ತಮ್ಮ ನಡುವೆ ಗಡಿ ತಪಾಸಣೆ ಬಿಟ್ಟಿರುವ ಯುರೋಪಿನ ದೇಶಗಳಿಗೆ, ಹೋಗಿಬರುವಂತಾಯಿತು. ಯುರೋಪಿಯನ್ ಒಕ್ಕೂಟದ ಬಾಗಿಲಲ್ಲಿ ಕಾಯುತ್ತಿದ್ದರು. ಇಟಲಿಯಲ್ಲೋ ಗ್ರೀಸ್‌ನಲ್ಲೋ ಮಗ ದುಡಿಯುತ್ತಿರುವ ತಾಯಿಗೆ ಇದು ಸಣ್ಣ ವಿಷಯವಲ್ಲ. ಗಡಿ ಬದಲಿಸುತ್ತೇವೆ ಎಂದು ಹೊರಟರೆ ಇದೆಲ್ಲ ನಿಂತುಹೋಗಬಹುದು. ಕೊಸೊವೊ ಕಡೆಯೂ ಅಷ್ಟೇ. ಬೇರೆ ಯಾವ ದೇಶದ ಜೊತೆಗೂ ವಿಲೀನ ಬಯಸುವುದಿಲ್ಲ ಎಂದು ಅದರ ಸಂವಿಧಾನದ ಮೊದಲ ವಿಧಿಯೇ ಹೇಳುತ್ತದೆ. 2008ರಲ್ಲಿ ಸ್ವಾತಂತ್ರ್ಯಕ್ಕೆ ಪಶ್ಚಿಮ ದೇಶಗಳ ಬೆಂಬಲ ಬೇಕಿತ್ತು, ಅದಕ್ಕೇ ಆ ಮಾತು.

"ನಮ್ಮ ಏಕೀಕರಣದ ಹಾಗೇ ಅಲ್ವಾ ಸರ್?" ಎಂದು ಕೇಳುವವರೂ ಇದ್ದಾರೆ. ಆ ಪ್ರಶ್ನೆ ನನಗೆ ಇಷ್ಟ. ಭಾಷೆಯ ಮೇಲಿನ ಪ್ರೀತಿ ಅದೇ, ಹೌದು. ಆದರೆ 1956ರಲ್ಲಿ ನಾವು ಸೇರಿಸಿದ್ದು ಒಂದೇ ದೇಶದೊಳಗಿನ ಪ್ರಾಂತ್ಯಗಳನ್ನು. ಸಂಸತ್ತಿನ ಕಾಯ್ದೆ ಸಾಕಾಯಿತು. ಅಲ್ಬೇನಿಯನ್ನರು ಉತ್ತರ ಮೆಸಿಡೋನಿಯಾ, ಮಾಂಟೆನೆಗ್ರೊ, ದಕ್ಷಿಣ ಸರ್ಬಿಯಾದ ಪ್ರೆಶೆವೊಗಳಲ್ಲೂ ಇದ್ದಾರೆ. ಅಲ್ಲಿ ಗಡಿ ಮುಟ್ಟಿದರೆ ಸೈನ್ಯ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ದೊಡ್ಡ ಪಕ್ಷಗಳು ಆ ಭಾವನೆಯನ್ನು ತಾವೇ ಎತ್ತಿಕೊಂಡವು. 2012ರ ನವೆಂಬರ್‌ನಲ್ಲಿ, ಅಲ್ಬೇನಿಯಾದ ಸ್ವಾತಂತ್ರ್ಯದ ನೂರನೇ ವರ್ಷದ ಹೊತ್ತಿನಲ್ಲಿ, ಅಲ್ಲಿನ ಆಗಿನ ಪ್ರಧಾನಿ ಸಾಲಿ ಬೆರಿಶಾ ವ್ಲೋರಾ ಊರಿನಲ್ಲಿ ಅಲ್ಬೇನಿಯನ್ ನೆಲದ ಮಾತಾಡುವಾಗ ಗ್ರೀಸ್‌ನ ಪ್ರೆವೆಜಾವನ್ನೂ ಸೇರಿಸಿಬಿಟ್ಟರು. ಗ್ರೀಸ್‌ನ ವಿದೇಶಾಂಗ ಸಚಿವರು ತಮ್ಮ ಭೇಟಿಯನ್ನೇ ರದ್ದು ಮಾಡಿದರು. ಪ್ರಧಾನಿಯೇ ಇಷ್ಟು ಹೇಳುವಾಗ ಸಣ್ಣ ಪಕ್ಷಕ್ಕೆ ಉಳಿಯುವುದೇನು?

2013ರ ಅದೇ ಚುನಾವಣೆಯಲ್ಲಿ ಪಿಡಿಐಯು ಎಂಬ ಇನ್ನೊಂದು ರಾಷ್ಟ್ರೀಯವಾದಿ ಪಕ್ಷಕ್ಕೆ 4 ಸ್ಥಾನ ಬಂತು. ಎರಡನೇ ಮಹಾಯುದ್ಧದ ಕೊನೆಗೆ ಗ್ರೀಸ್‌ನಿಂದ ಓಡಿಸಲ್ಪಟ್ಟ ಚಾಮ್ ಅಲ್ಬೇನಿಯನ್ನರ ಆಸ್ತಿಯ ಪ್ರಶ್ನೆ ಅದರದು. ಅಜ್ಜನ ಮನೆ, ಅಜ್ಜನ ಆಲಿವ್ ತೋಟ, ಹೀಗೆ ಕೈಯಿಟ್ಟು ತೋರಿಸಬಹುದಾದ ವಿಷಯ. ಇದೊಂದೇ ಕಾರಣ ಎನ್ನಲಾರೆ. ಅದು ಬೆರಿಶಾ ಮೈತ್ರಿಕೂಟದಲ್ಲಿತ್ತು, ಕೆಂಪು-ಕಪ್ಪು ಪಕ್ಷ ಒಂಟಿಯಾಗಿ ನಿಂತಿತ್ತು. ಅದೂ ಲೆಕ್ಕಕ್ಕೆ ಬರುತ್ತದೆ.

ಒಂದು ವಿಚಾರಗೋಷ್ಠಿಯಲ್ಲಿ ಕೊಸೊವೊದ ರಾಜಧಾನಿ ಪ್ರಿಶ್ಟಿನಾದ ಸಂಶೋಧಕರೊಬ್ಬರು ಸಿಕ್ಕಿದ್ದರು. ಏಕೀಕರಣದ ಬಗ್ಗೆ ಕೇಳಿದೆ. ಅವರು ರಸ್ತೆಯ ಬಗ್ಗೆ ಮಾತಾಡಿದರು. ಕೊಸೊವೊದಿಂದ ಬೆಟ್ಟ ಕೊರೆದು ಅಲ್ಬೇನಿಯಾದ ದುರ್ರೆಸ್ ಕಡಲಿಗೆ ಇಳಿಯುವ ಹೆದ್ದಾರಿಗೆ ಅಲ್ಲಿ "ರಾಷ್ಟ್ರದ ರಸ್ತೆ" ಎಂದೇ ಹೆಸರು. ಬೇಸಿಗೆ ಬಂತೆಂದರೆ ಅವರ ಮನೆಯವರೆಲ್ಲ ಕಾರು ಹತ್ತುತ್ತಾರಂತೆ. 2018ರಲ್ಲಿ ಅದೇ ರಸ್ತೆಗೆ ಕಾರಿಗೆ 5 ಯೂರೋ ಟೋಲ್ ಹಾಕಿದಾಗ ಆ ದಾರಿಯಲ್ಲಿರುವ ಅಲ್ಬೇನಿಯಾದ ಕುಕೆಸ್ ಊರಿನ ಜನ ಬೀದಿಗಿಳಿದರು. ಟೋಲ್ ಗೇಟುಗಳಿಗೆ ಬೆಂಕಿ ಬಿತ್ತು. "ನಾವು ಒಂದಾಗಿರೋದು ಆ ರಸ್ತೆಯಲ್ಲೇ, ಅದಕ್ಕೂ ದುಡ್ಡು ಕೇಳಿದರೆ ಹೇಗೆ?" ಎಂದರು ಆ ಸಂಶೋಧಕರು.