ಸ್ಟೌಫೆನ್: ಏಳು ಬೋರ್‌ಗಳ ನಂತರ ಉಬ್ಬಿದ ಊರು

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಫ್ರೈಬುರ್ಗ್ ನಗರದ ದಕ್ಷಿಣಕ್ಕೆ, ಕಪ್ಪು ಅರಣ್ಯದ ಬೆಟ್ಟಸಾಲು ಮುಗಿದು ರೈನ್ ನದಿಯ ಬಯಲು ಶುರುವಾಗುವ ಕಡೆ ಸ್ಟೌಫೆನ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ಊರಿನ ನೆತ್ತಿಯ ಮೇಲೆ ದ್ರಾಕ್ಷಿತೋಟಗಳು ಸುತ್ತುವರಿದ ಗುಡ್ಡ, ಗುಡ್ಡದ ತುದಿಯಲ್ಲಿ ಪಾಳುಬಿದ್ದ ಕೋಟೆ, ಕೆಳಗೆ ಕಾರಂಜಿಯಿರುವ ಚೌಕ, ಚೌಕದ ಅಂಚಿನಲ್ಲಿ ಹದಿನಾರನೆಯ ಶತಮಾನದ ಪುರಸಭೆ ಕಟ್ಟಡ. ಪ್ರವಾಸಿಗರು ಇಲ್ಲಿಗೆ ಬರುವುದು ಇವನ್ನು ನೋಡಲು. ಆದರೆ ಕಳೆದ ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಊರಿನ ಹೆಸರು ಭೂವಿಜ್ಞಾನಿಗಳ ಬಾಯಲ್ಲಿ ಕೇಳಿಬರುತ್ತಿರುವುದು ಬೇರೆಯೇ ಕಾರಣಕ್ಕೆ: ಸ್ಟೌಫೆನ್‌ನ ನೆಲ ಉಬ್ಬಿದೆ, ಅದರ ಮೇಲಿನ ಮನೆಗಳು ಬಿರುಕು ಬಿಟ್ಟಿವೆ.

ಊರಿನ ಹೆಸರು ಮೊದಲು ದಾಖಲಾದದ್ದು ಕ್ರಿ.ಶ. 770ರಲ್ಲಿ. ಮಧ್ಯಯುಗದಲ್ಲಿ ಪಕ್ಕದ ಕಣಿವೆಯ ಬೆಳ್ಳಿ ಗಣಿಗಳಿಂದ ಅದು ಸಿರಿವಂತವಾಯಿತು. ಊರನ್ನಾಳಿದ ಪಾಳೆಯಗಾರ ಮನೆತನದ ಸಂತತಿ 1602ರಲ್ಲಿ ಅಳಿಯಿತು, 1632ರಲ್ಲಿ ಸ್ವೀಡನ್ನಿನ ಸೈನಿಕರು ಕೋಟೆಯನ್ನು ಹಾಳುಗೆಡವಿದರು. 1848ರ ಸೆಪ್ಟೆಂಬರ್‌ನಲ್ಲಿ ಗುಸ್ಟಾವ್ ಸ್ಟ್ರೂವೆ ಮುಂದಾಳಾಗಿದ್ದ ಗಣರಾಜ್ಯವಾದಿ ಬಂಡಾಯ ಇದೇ ಬೀದಿಗಳಲ್ಲಿ ಸೋತಿತು, 1945ರ ಫೆಬ್ರವರಿ 8ರಂದು ಬಾಂಬ್ ದಾಳಿಗೆ ಊರು ತತ್ತರಿಸಿತು. ಇಷ್ಟೆಲ್ಲದರ ನಡುವೆ ಹೆಚ್ಚು ಗಟ್ಟಿಯಾಗಿ ಉಳಿದದ್ದು ಒಂದು ದಂತಕತೆ. ಮಾಂತ್ರಿಕ ಡಾಕ್ಟರ್ ಫೌಸ್ಟ್ ಇಲ್ಲಿನ ‘ಸಿಂಹ’ ಎಂಬ ಹೆಸರಿನ ಛತ್ರದಲ್ಲಿ 1539ರಲ್ಲಿ ಸತ್ತನೆಂದೂ, 24 ವರ್ಷಗಳ ಕರಾರು ಮುಗಿದೊಡನೆ ಹಿರಿಯ ಸೈತಾನರಲ್ಲೊಬ್ಬನಾದ ಮೆಫಿಸ್ಟೊಫಿಲಿಸ್ ಅವನ ಕತ್ತು ಮುರಿದನೆಂದೂ ಆ ಕಟ್ಟಡದ ಗೋಡೆಯ ಮೇಲೆ ಬರೆದಿದೆ. ಸಾಲದಲ್ಲಿ ಮುಳುಗಿದ್ದ ಊರಿನ ಒಡೆಯ, ಚಿನ್ನ ಮಾಡಿಸುವ ಆಸೆಯಿಂದ ಅವನನ್ನು ಕರೆಸಿದ್ದನೆಂಬುದು ಕತೆಯ ಇನ್ನೊಂದು ಎಳೆ.

ಈಗಿನ ಸಮಸ್ಯೆಯ ಮೂಲ ತೀರಾ ಇತ್ತೀಚಿನದು. ಪುರಸಭೆ ಕಟ್ಟಡವನ್ನು ನವೀಕರಿಸುವಾಗ, ಎಣ್ಣೆ ಅಥವಾ ಅನಿಲ ಸುಡದೆ ನೆಲದಡಿಯ ಶಾಖದಿಂದಲೇ ಅದನ್ನು ಬೆಚ್ಚಗಿಡುವುದೆಂದು ತೀರ್ಮಾನವಾಯಿತು. ಅದು ಒಳ್ಳೆಯ ಉದ್ದೇಶವೇ. 2007ರ ಸೆಪ್ಟೆಂಬರ್‌ನಲ್ಲಿ ಕಟ್ಟಡದ ಹಿಂದೆಯೇ ಏಳು ಬೋರ್ ಕೊರೆಯಲಾಯಿತು. ಒಂದೊಂದರ ಆಳ 140 ಮೀಟರ್, ಅಂದರೆ ಸುಮಾರು 460 ಅಡಿ. ನೀರೆತ್ತುವ ಕೊಳವೆಬಾವಿಗಳಲ್ಲ ಇವು. ಒಳಗಿಳಿಸಿದ ಪೈಪುಗಳಲ್ಲಿ ದ್ರವ ಸುತ್ತಾಡಿ ಭೂಮಿಯ ಶಾಖವನ್ನು ಮೇಲಕ್ಕೆ ತರಬೇಕಿತ್ತು. ಪೈಪಿಗೂ ಬಂಡೆಗೂ ನಡುವಿನ ಸಂದಿಯನ್ನು ಮೇಲಿನಿಂದ ಕೆಳಗಿನವರೆಗೆ ಗಾರೆ ತುಂಬಿ ಮುಚ್ಚುವುದು ಈ ಕೆಲಸದ ಜೀವಾಳ.

ಕೆಲವೇ ವಾರಗಳಲ್ಲಿ ಗೋಡೆಗಳ ಮೇಲೆ ಕೂದಲೆಳೆಯಂಥ ಗೀರುಗಳು ಕಂಡವು. ಮೊದಲು ಪುರಸಭೆ ಕಟ್ಟಡದಲ್ಲಿ, ಆಮೇಲೆ ಅದರ ನೆರೆಯಲ್ಲಿ, ಆಮೇಲೆ ಹಳೆಯ ಪೇಟೆಯುದ್ದಕ್ಕೂ. ಗೀರು ಬಿರುಕಾಯಿತು, ಬಿರುಕಿನೊಳಗೆ ಬೆರಳು ತೂರುವಂತಾಯಿತು, ಬಾಗಿಲುಗಳು ಚೌಕಟ್ಟಿಗೆ ಕೂರದಾದವು. ನೆಲ ಕುಸಿಯುತ್ತಿದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಅಳತೆ ಮಾಡಿದಾಗ ತಿಳಿದದ್ದು ತದ್ವಿರುದ್ಧ: ನೆಲ ಮೇಲೇಳುತ್ತಿತ್ತು, ಅದೂ ಅತಿ ಹೆಚ್ಚು ಉಬ್ಬುತ್ತಿದ್ದ ಜಾಗದಲ್ಲಿ ತಿಂಗಳಿಗೆ ಒಂದು ಸೆಂಟಿಮೀಟರ್‌ಗೂ ತುಸು ಹೆಚ್ಚು. ಇಡೀ ಊರು ಒಂದೇ ಸಮನೆ ಏಳುತ್ತಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ. ಒಂದು ಮನೆಯ ಈ ಮೂಲೆ ಬೇಗ, ಆ ಮೂಲೆ ನಿಧಾನವಾಗಿ ಏಳುತ್ತಿದ್ದುದರಿಂದ ಗೋಡೆಗಳು ಹರಿದವು.

ಕಾರಣ ಸ್ಟೌಫೆನ್ನಿನಡಿಯ ಬಂಡೆಯಲ್ಲಿತ್ತು. ಅಲ್ಲಿ 20 ಕೋಟಿ ವರ್ಷಕ್ಕೂ ಹಳೆಯದಾದ ಒಂದು ಶಿಲಾಸ್ತರದಲ್ಲಿ ಆನ್‌ಹೈಡ್ರೈಟ್ ಎಂಬ ಖನಿಜವಿದೆ. ನೀರಿನಂಶವಿಲ್ಲದ ಕ್ಯಾಲ್ಸಿಯಂ ಸಲ್ಫೇಟ್ ಅದು. ನೀರು ತಾಗಿದರೆ ಅದು ನೀರನ್ನು ತನ್ನೊಳಗೇ ಕಟ್ಟಿಕೊಂಡು ಜಿಪ್ಸಮ್ ಆಗಿ ಮಾರ್ಪಡುತ್ತದೆ. ನೆನೆಹಾಕಿದ ಕಡಲೆಯಂತೆ ಉಬ್ಬಿ, ಗಾತ್ರ ಸುಮಾರು 60 ಶೇಕಡಾ ಹಿಗ್ಗುತ್ತದೆ. ಅದರ ಕೆಳಗಿನ ಪದರದಲ್ಲಿ ಒತ್ತಡದಲ್ಲಿದ್ದ ಅಂತರ್ಜಲಕ್ಕೆ ಅಷ್ಟು ಕಾಲ ಮೇಲೇರುವ ದಾರಿಯಿರಲಿಲ್ಲ. ಸರಿಯಾಗಿ ಮುಚ್ಚದ ಸಂದಿಗಳು ಆ ದಾರಿ ಕೊಟ್ಟವು ಎಂಬುದು ರಾಜ್ಯದ ಭೂವಿಜ್ಞಾನ ಇಲಾಖೆಯ ತನಿಖೆಯಿಂದ ಹೊರಬಿತ್ತು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ಬಂಡೆಯ ಸ್ವಭಾವ ಯಾರಿಗೂ ತಿಳಿಯದ ರಹಸ್ಯವಾಗಿರಲಿಲ್ಲ. ಇದೇ ರಾಜ್ಯದ ರಾಜಧಾನಿ ಸ್ಟುಟ್‌ಗಾರ್ಟ್‌ನ ವಾಗೆನ್‌ಬುರ್ಗ್ ಸುರಂಗದಲ್ಲಿ, ಗಡಿಯಾಚೆ ಸ್ವಿಟ್ಜರ್‌ಲೆಂಡಿನ ಬೆಲ್ಖೆನ್ ಸುರಂಗದಲ್ಲಿ ಇಂಥದೇ ಬಂಡೆ ಉಬ್ಬಿ ತಳವನ್ನೆತ್ತಿದ್ದನ್ನು ಎಂಜಿನಿಯರುಗಳು ದಶಕಗಳ ಹಿಂದೆಯೇ ಕಂಡಿದ್ದರು. ಸುರಂಗ ತೋಡುವವರ ಬಳಿಯಿದ್ದ ಆ ತಿಳಿವಳಿಕೆ, ಮನೆ ಬೆಚ್ಚಗಿಡಲು ಬೋರ್ ಕೊರೆಯುವ ಹೊಸ ಉದ್ಯಮದ ದಿನನಿತ್ಯದ ಎಚ್ಚರವಾಗಿ ಇಳಿದು ಬರಲು ಒಂದು ಊರೇ ಬಿರಿಯಬೇಕಾಯಿತು.

ಪರಿಹಾರದ ಕೆಲಸ ಎರಡು ಬಗೆಯಲ್ಲಿ ನಡೆಯಿತು. 2009ರಲ್ಲಿ ಹಳೆಯ ಬೋರ್‌ಗಳಿಗೆ ಮತ್ತೆ ಗಾರೆ ಒತ್ತಿ ತುಂಬಲಾಯಿತು. ಜೊತೆಗೆ ಬೇರೆ ಬಾವಿ ಕೊರೆದು, ಉಬ್ಬುವ ಪದರಕ್ಕೆ ನೀರು ಮುಟ್ಟದಂತೆ ಅದನ್ನು ಪಂಪ್ ಮಾಡಿ ಹೊರಹಾಕತೊಡಗಿದರು. ಉಬ್ಬುವ ವೇಗ ಗಣನೀಯವಾಗಿ ತಗ್ಗಿತು. ಆದರೂ ಕೇಂದ್ರಭಾಗದ ನೆಲ ಒಟ್ಟು 60 ಸೆಂಟಿಮೀಟರ್‌ಗೂ ಹೆಚ್ಚು ಮೇಲೆದ್ದಿದೆ, ಸುಮಾರು 270 ಕಟ್ಟಡಗಳಿಗೆ ಹಾನಿಯಾಗಿದೆ, ಪುರಸಭೆಯ ಬಳಿಯ ಒಂದು ಕಟ್ಟಡವನ್ನು 2013ರಲ್ಲಿ ಕೆಡವಬೇಕಾಗಿ ಬಂತು.

ಬಿರುಕಿಗಿಂತ ಗೋಜಲಾದದ್ದು ಹಣದ ಪ್ರಶ್ನೆ. ಹಾನಿಯ ಅಂದಾಜು ಐದು ಕೋಟಿ ಯೂರೋ ಮುಟ್ಟಿತು. ಅಷ್ಟು ಮೊತ್ತ ಎಂಟು ಸಾವಿರ ಜನರ ಊರಿನ ಬೊಕ್ಕಸಕ್ಕೆ ಎಟುಕುವಂಥದ್ದಲ್ಲ. ಕೊನೆಗೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಸಾಮೂಹಿಕ ನಿಧಿ ಊರಿನ ಜೊತೆ ಹೊರೆ ಹಂಚಿಕೊಂಡವು; ಮನೆಮಾಲೀಕರು ಒಬ್ಬೊಬ್ಬರಾಗಿ ನ್ಯಾಯಾಲಯ ಹತ್ತದೆ ಪರಿಹಾರ ಪಡೆಯಲೆಂದು ಸಂಧಾನ ವ್ಯವಸ್ಥೆಯೊಂದು ಬಂತು. ‘ಸ್ಟೌಫೆನ್ ಒಡೆಯಬಾರದು’ ಎಂಬ ಘೋಷಣೆ ಮನೆಗಳ ಗೋಡೆಯೇರಿತು. ಹಣದಿಂದ ಗೋಡೆಗೆ ಗಾರೆ ಮೆತ್ತಬಹುದು. ಅಜ್ಜ ಮುತ್ತಜ್ಜರ ಕಾಲದ ಮನೆಯಲ್ಲಿ ರಾತ್ರಿ ತೊಲೆ ಲಟಕ್ಕೆಂದಾಗ ಎದ್ದು ಕೂರುವವರ ನಿದ್ದೆ ಯಾವ ಲೆಕ್ಕದಲ್ಲೂ ಸೇರುವುದಿಲ್ಲ.

ಅದೇ ರಾಜ್ಯದ ಲಿಯೊನ್‌ಬರ್ಗ್ ಮತ್ತು ಬೊಬ್ಲಿಂಗೆನ್‌ಗಳಲ್ಲೂ ಭೂಶಾಖದ ಬೋರ್‌ಗಳಿಂದಾಗಿ ಮನೆಗಳು ಬಿರಿದವು. 2011ರಲ್ಲಿ ರಾಜ್ಯ ಹೊರತಂದ ಗುಣಮಟ್ಟದ ನಿಯಮಗಳಲ್ಲಿ ಗಾರೆ ತುಂಬುವಿಕೆಯ ಮೇಲೆ ಕಟ್ಟುನಿಟ್ಟಿನ ನಿಗಾ ಬಂದಿದೆ, ಜಿಪ್ಸಮ್ ಪದರ ಕಂಡೊಡನೆ ಕೊರೆಯುವುದನ್ನು ನಿಲ್ಲಿಸಬೇಕಾಗಿದೆ. ಭೂಶಾಖ ತಂತ್ರಜ್ಞಾನವನ್ನೇ ದೂರುವುದು ಸರಿಯಲ್ಲ. ಇಂಥ ಪದರವಿಲ್ಲದ ಕಡೆಗಳಲ್ಲಿ ಅದು ಲಕ್ಷಾಂತರ ಮನೆಗಳನ್ನು ತೊಂದರೆಯಿಲ್ಲದೆ ಬೆಚ್ಚಗಿಟ್ಟಿದೆ.

ಸ್ಟೌಫೆನ್‌ಗೆ ಪ್ರವಾಸಿಗರು ಈಗಲೂ ಬರುತ್ತಾರೆ, ಫೌಸ್ಟ್‌ನ ಛತ್ರದ ಮುಂದೆ ನಿಲ್ಲುತ್ತಾರೆ, ಅಲ್ಲಿಂದ ನಾಲ್ಕು ಹೆಜ್ಜೆ ದಾಟಿ ಪುರಸಭೆಯ ಗೋಡೆಯ ಬಿರುಕನ್ನೂ ನೋಡುತ್ತಾರೆ. ನೆಲ ಪೂರ್ತಿ ಸುಮ್ಮನಾಗುವ ಮೊದಲು ಮೆತ್ತಿದ ಗಾರೆ ಮತ್ತೆ ಬಿರಿಯುತ್ತದೆ. ಹಾಗಾಗಿ ದುರಸ್ತಿಗೆ ಯಾವಾಗ ಕೈಹಾಕಬೇಕೆಂಬ ಪ್ರಶ್ನೆಗೆ ಪ್ರತಿ ಮನೆಯವರೂ ತಮ್ಮ ನೆಲದ ಅಳತೆ ನೋಡಿಯೇ ಉತ್ತರ ಕಂಡುಕೊಳ್ಳಬೇಕಾಗಿದೆ.